ನಾಲ್ಕು ವರ್ಷ ಏಜೆನ್ಸಿಲಿ ದುಡಿದಿದ್ದೀನಿ, ಈಗ ಕಂಪ್ನಿಯವ್ರು ಒಂದು ವರ್ಷದ ಅಗ್ರಿಮೆಂಟ್ ಕೊಡ್ತಾವ್ರೆ, ಸೈನ್ ಹಾಕ್ಲಾ ಬ್ಯಾಡ್ವಾ?

ಬಂಗಾರಪೇಟೆ ಫಿಟ್ಟರ್

ಎಲ್ರಿಗೂ ನಮಸ್ಕಾರ. ನಂದು ಬಂಗಾರಪೇಟೆ ಕಡೆ ಹಳ್ಳಿ, ಐಟಿಐ ಫಿಟ್ಟರ್ ಮಾಡಿದೀನಿ, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿ ಪಾರ್ಟ್ಸ್ ಮಾಡೋ ಫ್ಯಾಕ್ಟರಿಲಿ ಕೆಲ್ಸ, ಹೆಸ್ರು ಬ್ಯಾಡ. ನಾಲ್ಕು ವರ್ಷ ಮೂರು ತಿಂಗ್ಳಾಯ್ತು. ಅದೇ ಮಿಷಿನ್ನು, ಅದೇ ಸೂಪರ್‌ವೈಸರ್, ಅದೇ ಗೇಟು, ಪೇಸ್ಲಿಪ್ ಮೇಲಿರೋ ಏಜೆನ್ಸಿ ಹೆಸ್ರು ಮಾತ್ರ ಮೂರು ಸಲ ಬದ್ಲಾಗೈತೆ. ಒಂದೊಂದು ಸಲ ಬದ್ಲಾದಾಗ್ಲೂ ಎಂಟತ್ತು ದಿನ ಬ್ರೇಕ್ ಅಂತ ಮನೇಲಿ ಕೂರಿಸ್ತಾರೆ, ಆಮೇಲೆ ಹೊಸಬನ ತರ ಹೊಸ ಫಾರಂ ತುಂಬಿಸ್ಕೊಂಡು ಒಳಗೆ ಬಿಡ್ತಾರೆ.

ಈಗ ಎಚ್ಆರ್ ಕರ್ದು ಹೇಳಿದ್ರು, ನಮ್ಮ ಲೈನಲ್ಲಿ ಸುಮಾರು ಮೂವತ್ತು ಜನಕ್ಕೆ ಏಜೆನ್ಸಿ ಇಲ್ದೆ ನೇರ ಕಂಪ್ನಿ ರೋಲಲ್ಲೇ ಒಂದು ವರ್ಷದ ಫಿಕ್ಸೆಡ್ ಟರ್ಮ್ ಕೊಡ್ತೀವಿ, ಕೈಗೆ ಬರೋ ಸಂಬಳ ಸಾವಿರದೈನೂರು ಜಾಸ್ತಿ ಆಯ್ತದೆ, ಆದ್ರೆ ಏಜೆನ್ಸಿಗೆ ರಿಸೈನ್ ಲೆಟರ್ ಬರ್ಕೊಡ್ಬೇಕು, "ನನಗೆ ಯಾವ ಬಾಕೀನೂ ಇಲ್ಲ" ಅಂತ ಇನ್ನೊಂದು ಪೇಪರ್‌ಗೂ ಸೈನ್ ಹಾಕ್ಬೇಕು. ಬ್ಯಾಡ ಅಂದ್ರೆ ಏಜೆನ್ಸಿಲೇ ಇರ್ಬೋದು. ಶನಿವಾರದೊಳಗೆ ಹೇಳು ಅಂದವ್ರೆ.

ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ. ಏಜೆನ್ಸಿಲಿ ಇದ್ರೆ ಯಾವತ್ತು ತೆಗೀತಾರೋ ಗೊತ್ತಿಲ್ಲ, ಆದ್ರೂ ನಾಲ್ಕು ವರ್ಷ ನಡ್ಕೊಂಡು ಬಂದೈತೆ. ಅಗ್ರಿಮೆಂಟ್ ಅಂದ್ರೆ ಮುಗಿಯೋ ತಾರೀಖು ಕಣ್ಣೆದುರಿಗೇ ಬರ್ದಿರ್ತೈತೆ. ಮಾರ್ಚ್ ಬಂತು ಅಂದ್ರೆ ನಂಗೆ ನಿದ್ದೆ ಬರಲ್ಲ, ಯಾರ್ ಹೆಸ್ರು ಲಿಸ್ಟಲ್ಲಿ ಐತೋ ಅಂತ, ಹೋದ್ ವರ್ಷ ನನ್ ಪಕ್ಕದ ಮಿಷಿನ್ ಹುಡ್ಗ ಬೆಳಗ್ಗೆ ಗೇಟಲ್ಲಿ ಕಾರ್ಡ್ ತೋರಿಸ್ದಾಗ ಲೈಟು ಕೆಂಪು ಬಂತು, ಅಷ್ಟೇ, ಯಾರೂ ಒಂದ್ ಮಾತು ಮೊದ್ಲೇ ಹೇಳಿರ್ಲಿಲ್ಲ. ಮದ್ವೆಗೆ ಎರಡು ಕಡೆ ನೋಡಿದ್ರು, ಹುಡ್ಗಿ ಕಡೆಯವ್ರು ಮೊದ್ಲು ಕೇಳೋದೇ ಪರ್ಮನೆಂಟಾ ಅಂತ. ಅಮ್ಮನ ಮುಖ ನೋಡಕ್ಕಾಗಲ್ಲ. ದಯವಿಟ್ಟು ಗೊತ್ತಿರೋರು ಹೇಳಿ.

ಮಾಲೂರು ಎ ಶಿಫ್ಟ್

ಸೈನ್ ಹಾಕು ಮಾರಾಯ. ನಾನು ಆರು ವರ್ಷ ಏಜೆನ್ಸಿಲಿ ಇದ್ದು ಎರಡು ವರ್ಷದ ಹಿಂದೆ ಇದೇ ತರ ಕಂಪ್ನಿ ರೋಲ್‌ಗೆ ಬಂದೆ. ಸಂಬಳ ಜಾಸ್ತಿ ಆಗೋದು ಪಕ್ಕಕ್ಕಿಡು, ಮೊದ್ಲು ಏನಾಗ್ತಿತ್ತು ಅಂದ್ರೆ ಓಟಿ ದುಡ್ಡು ಕಮ್ಮಿ ಬಂದ್ರೆ ಕಂಪ್ನಿಯವ್ರು ಏಜೆನ್ಸಿನ ಕೇಳು ಅನ್ನೋರು, ಏಜೆನ್ಸಿಯವ್ನು ಕಂಪ್ನಿ ಬಿಲ್ ಪಾಸ್ ಮಾಡಿಲ್ಲ ಅನ್ನೋನು, ತಿಂಗ್ಳುಗಟ್ಲೆ ಫುಟ್ಬಾಲ್ ಆಗ್ತಿದ್ದೆ. ಈಗ ಕೇಳಕ್ಕೆ ಒಂದೇ ಬಾಗ್ಲು ಐತೆ. ಇದೊಂದೇ ದೊಡ್ಡ ನೆಮ್ಮದಿ ನಂಗೆ. 2020 ಡಿಸೆಂಬರಲ್ಲಿ ನಿಮ್ಮ ನರಸಾಪುರದಲ್ಲೇ ಐಫೋನ್ ಜೋಡ್ಸೋ ಫ್ಯಾಕ್ಟರಿಲಿ ಗಾಜು ಒಡ್ದು ಬೆಂಕಿ ಇಕ್ಕೋ ತನಕ ಹೋಯ್ತಲ್ಲ, ಅದ್ರಲ್ಲೂ ಜಗಳ ಸಂಬಳದ್ದೇ, ಅಲ್ಲಿದ್ದೋರು ಮುಕ್ಕಾಲು ಪಾಲು ಏಜೆನ್ಸಿ ಮೂಲಕ ಬಂದಿದ್ದೋರೇ. ಒಡ್ದಿದ್ದು ಸರಿ ಅಂತ ಹೇಳ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡೋರು ಯಾರೂ ಇಲ್ದಿದ್ರೆ ಮನುಷ್ಯ ಎಲ್ಲಿಗೆ ಬತ್ತಾನೆ ಅಂತ ಹೇಳ್ತಿದೀನಿ.

ಆದ್ರೆ ಒಂದು ಸತ್ಯ ಹೇಳ್ಬೇಕು, ನಮ್ಮ ಬ್ಯಾಚಲ್ಲಿ ಹತ್ತೊಂಬತ್ತು ಜನಕ್ಕೆ ಮೊದಲ್ನೇ ವರ್ಷ ಮುಗ್ದ ಮೇಲೆ ರಿನ್ಯೂ ಆಗ್ಲಿಲ್ಲ. ನಂದಾಯ್ತು. ಯಾಕೆ ನಂದಾಯ್ತು ಅವ್ರದ್ದಾಗ್ಲಿಲ್ಲ ಅಂತ ಇವತ್ತಿಗೂ ನಂಗೊತ್ತಿಲ್ಲ.

ಹಳೇ ಕಾರ್ಮಿಕ, ತುಮಕೂರು

ತಮ್ಮಾ, ನಾನು ಮೂವತ್ತು ವರ್ಷ ಫ್ಯಾಕ್ಟರಿ ಯೂನಿಯನ್ನಲ್ಲಿ ಓಡಾಡಿದವನು, ಈಗ ರಿಟೈರ್ಡ್. ಸೈನ್ ಹಾಕೋ ಮೊದ್ಲು ಇದನ್ನ ಪೂರ್ತಿ ಓದು, ಉದ್ದ ಇದೆ ಅಂತ ಬಿಡಬೇಡ.

ಮೊದ್ಲು ಏಜೆನ್ಸಿ ವಿಷ್ಯ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಕಾಲದಿಂದ್ಲೂ ಒಂದು ಮಾತಿದೆ, ಗುತ್ತಿಗೆದಾರ ಸಂಬಳ ಕೊಡದೇ ಇದ್ರೆ ಅಥವಾ ಕಮ್ಮಿ ಕೊಟ್ರೆ ಅದನ್ನ ಕೊಡಬೇಕಾದ ಹೊಣೆ ಮುಖ್ಯ ಮಾಲೀಕನದ್ದು, ಅಂದ್ರೆ ನಿಮ್ಮ ಕಂಪ್ನಿದು, ಆಮೇಲೆ ಅವ್ರು ಗುತ್ತಿಗೆದಾರನ ಹತ್ರ ವಸೂಲಿ ಮಾಡ್ಕೋಬೇಕು. 2025 ನವೆಂಬರ್ 21ಕ್ಕೆ ನಾಲ್ಕು ಹೊಸ ಲೇಬರ್ ಕೋಡ್ (ಹಳೇ ಕಾರ್ಮಿಕ ಕಾಯ್ದೆಗಳ ಬದ್ಲು ಬಂದ ಕಾನೂನು) ಜಾರಿಗೆ ಬಂದ ಮೇಲೂ ಈ ಹೊಣೆ ಹೋಗಿಲ್ಲ. ಹಾಗಾಗಿ "ಏಜೆನ್ಸಿನ ಕೇಳು" ಅಂತ ಮಾಲೂರಿನ ಹುಡ್ಗನಿಗೆ ಹೇಳಿದ್ದು ಕಾನೂನಿನ ಪ್ರಕಾರ ತಪ್ಪು, ಆದ್ರೆ ಹೇಳ್ತಾರೆ, ನಮ್ಮ ಹುಡುಗ್ರು ವಾಪಸ್ ಬರ್ತಾರೆ. ಆದ್ರೆ ಒಂದು ಆಸೆ ಇಟ್ಕೋಬೇಡ, ಇಷ್ಟು ವರ್ಷ ಗುತ್ತಿಗೇಲಿ ಇದ್ದೆ, ಕಂಪ್ನಿ ನನ್ನ ತಾನಾಗೇ ಪರ್ಮನೆಂಟ್ ಮಾಡ್ಕೋಬೇಕು ಅನ್ನೋದು. 2001ರಲ್ಲಿ ಸುಪ್ರೀಂ ಕೋರ್ಟು ಸ್ಟೀಲ್ ಅಥಾರಿಟಿ ಕೇಸಲ್ಲಿ ಹಾಗೆ ತಾನಾಗೇ ಆಗಲ್ಲ ಅಂತ ಹೇಳ್ಬಿಟ್ಟಿದೆ. ಗುತ್ತಿಗೆ ಅನ್ನೋದು ಬರೀ ನಾಟಕ, ನಿಜವಾದ ಮಾಲೀಕ ಕಂಪ್ನಿನೇ ಅಂತ ಸಾಬೀತು ಮಾಡಿದ್ರೆ ಬೇರೆ ಮಾತು, ಅದು ವರ್ಷಗಟ್ಲೆ ಹೋರಾಟ.

ಇನ್ನು ಫಿಕ್ಸೆಡ್ ಟರ್ಮ್. ಇದ್ರಲ್ಲಿ ಒಳ್ಳೇದಿದೆ. ಅದೇ ಕೆಲ್ಸ ಮಾಡೋ ಪರ್ಮನೆಂಟ್ ಕಾರ್ಮಿಕನಿಗಿಂತ ಸಂಬಳ, ಭತ್ಯೆ, ಕೆಲ್ಸದ ಅವಧಿ ಯಾವುದ್ರಲ್ಲೂ ಕಮ್ಮಿ ಕೊಡೋ ಹಾಗಿಲ್ಲ. ಗ್ರಾಚ್ಯುಟಿಗೆ, ಅಂದ್ರೆ ಕೆಲ್ಸ ಬಿಡೋವಾಗ ಮಾಲೀಕ ಕೊಡೋ ಇಡಿಗಂಟಿಗೆ, ಹಳೇ ಐದು ವರ್ಷದ ಲೆಕ್ಕ ಇದಕ್ಕಿಲ್ಲ, ಒಂದು ವರ್ಷ ದುಡಿದ್ರೆ ಸಾಕು. ನಿನ್ನ ಬೇಸಿಕ್ಕು ಡಿಎ ಸೇರಿ 14,000 ಅಂತಿಟ್ಕೋ, ಅದನ್ನ 15ರಿಂದ ಗುಣಿಸಿ 26ರಿಂದ ಭಾಗಿಸು, ಹತ್ತಿರತ್ರ 8,077 ರೂಪಾಯಿ ಒಂದು ವರ್ಷಕ್ಕೆ. ದೊಡ್ಡ ದುಡ್ಡಲ್ಲ, ಆದ್ರೆ ನಾಲ್ಕು ವರ್ಷದಲ್ಲಿ ಏಜೆನ್ಸಿಗಳು ಬದ್ಲಾಗಿ ಬದ್ಲಾಗಿ ನಿನಗೆ ಇದ್ರಲ್ಲಿ ಒಂದು ರೂಪಾಯಿನೂ ಬಂದಿರಲ್ಲ.

ಕೆಟ್ಟದ್ದು ಏನಂದ್ರೆ ಅವಧಿ ಮುಗಿದು ರಿನ್ಯೂ ಮಾಡದೇ ಇದ್ರೆ ಅದನ್ನ ಕೆಲ್ಸದಿಂದ ತೆಗೆದಿದ್ದು ಅಂತ ಕಾನೂನು ಒಪ್ಪಲ್ಲ. ಇದೇನು ಹೊಸದಲ್ಲ, 1947ರ ಕೈಗಾರಿಕಾ ವಿವಾದ ಕಾಯ್ದೆಗೆ ಆಮೇಲೆ ಸೇರಿಸಿದ ಕಲಮು, ಹೊಸ ಕೋಡಲ್ಲೂ ಇದೆ. ಹಾಗಾಗಿ ನೋಟಿಸ್ ಇಲ್ಲ, ಪರಿಹಾರ ಇಲ್ಲ. ಎಷ್ಟು ಸಲ ಬೇಕಾದ್ರೂ ಒಂದೊಂದೇ ವರ್ಷ ಕೊಟ್ಕೊಂಡು ಹೋಗ್ಬೋದು, ಇಷ್ಟೇ ಸಲ ಅಂತ ಮಿತಿ ಹಾಕಿಲ್ಲ. ನನ್ನ ಕೇಳಿದ್ರೆ ಈ ಕಾನೂನಲ್ಲಿ ದೊಡ್ಡ ತೂತು ಇರೋದೇ ಇಲ್ಲಿ.

ಈಗ ನಿನ್ನ ರಿಸೈನ್ ಲೆಟರ್. ನಿನ್ನ ಕೇಸಲ್ಲಿ ನನಗೆ ಭಯ ಇರೋದು ಇದ್ರ ಬಗ್ಗೆನೇ. ವರ್ಷಕ್ಕೆ 240 ದಿನ ದುಡಿದವನನ್ನ ಮಾಲೀಕ ತೆಗೆದ್ರೆ ಒಂದು ತಿಂಗ್ಳ ನೋಟಿಸು, ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ ಕೊಡಬೇಕು. "ಸ್ವಂತ ಇಚ್ಛೆಯಿಂದ ಬಿಡ್ತಿದೀನಿ" ಅಂತ ನೀನೇ ಬರೆದುಕೊಟ್ರೆ ಅದು ಅಲ್ಲಿಗೇ ಮುಗೀತು. ಬರೆಯಲೇಬೇಕು ಅಂದ್ರೆ "ಕಂಪ್ನಿಯವರು ನೇರ ನೇಮಕ ಕೊಡ್ತೀವಿ ಅಂದಿದ್ದರಿಂದ ಇಂಥ ತಾರೀಖಿಗೆ ಬಿಡುತ್ತಿದ್ದೇನೆ" ಅಂತ ಕಾರಣ ಸೇರಿಸಿ ಬರಿ, ಮತ್ತೆ ಕಂಪ್ನಿ ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಕೊಡು, ಮೊದ್ಲು ಕೊಡಬೇಡ. ನೇಮಕಾತಿ ಪತ್ರ ಕೊಡೋದು ಈಗ ಕಡ್ಡಾಯ. "ಬಾಕಿ ಇಲ್ಲ" ಅನ್ನೋ ಪೇಪರ್‌ಗೆ ಬಾಕಿ ಲೆಕ್ಕ ಕೈಗೆ ಬರೋ ತನಕ ಸೈನ್ ಹಾಕಬೇಡ. ಉಳಿದ ಗಳಿಕೆ ರಜೆ ದುಡ್ಡು, ಬೋನಸ್ಸು ಕಮ್ಮಿ ಅಂದ್ರೂ 8.33 ಪರ್ಸೆಂಟು, ಓಟಿ, ಎಲ್ಲ ಕೇಳು. ಬಿಟ್ಟ ಮೇಲೆ ಎರಡು ಕೆಲ್ಸದ ದಿನದೊಳಗೆ ಸಂಬಳದ ಲೆಕ್ಕ ಚುಕ್ತಾ ಮಾಡಬೇಕು ಅಂತ ಹೊಸ ಕೋಡಲ್ಲಿದೆ.

ಎಲ್ಲಾ ಏಜೆನ್ಸಿ ಪೇಸ್ಲಿಪ್ಪು, ಗೇಟ್ ಕಾರ್ಡ್ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟು ಇವತ್ತೇ ಒಂದು ಕಡೆ ಇಟ್ಕೋ.

ಗೌರಿಬಿದನೂರು ಟೈಲರ್

ಅಣ್ಣ ಹೇಳಿದ್ದೆಲ್ಲ ಸರಿ, ನಾನೊಂದು ಬೇರೆ ಮಾತು ಹೇಳ್ತೀನಿ, ಹೆಣ್ಮಕ್ಕಳು ಯಾರಾದ್ರೂ ಓದ್ತಿದ್ರೆ ಅವ್ರಿಗೂ ಆಗ್ಲಿ. ನಾನು ಗಾರ್ಮೆಂಟ್ಸಲ್ಲಿ ಹನ್ನೆರಡು ವರ್ಷದಿಂದ ಇದೀನಿ, ಮೊದ್ಲು ಒಂದು ಕಡೆ ಕಾಂಟ್ರಾಕ್ಟ್ ಟೈಲರ್ ಆಗಿದ್ದೆ. ಆಗ ನಂಗೆ ಮೂರು ತಿಂಗ್ಳಾಗಿತ್ತು, ಯಾರ್ಗೂ ಹೇಳ್ಲಿಲ್ಲ, ವಾಂತಿ ಬಂದ್ರೂ ಬಾತ್‌ರೂಮ್‌ಗೆ ಹೋಗಿ ಮುಖ ತೊಳ್ಕೊಂಡು ಬಂದು ಟಾರ್ಗೆಟ್ ಮುಗಿಸ್ತಿದ್ದೆ, ಯಾಕಂದ್ರೆ ಗೊತ್ತಾದ್ರೆ ಮುಂದಿನ ರಿನ್ಯೂವಲಲ್ಲಿ ಹೆಸ್ರು ಇರಲ್ಲ ಅಂತ ಎಲ್ರೂ ಹೇಳ್ತಿದ್ರು. ಆ ಬಸುರು ನಿಲ್ಲಲಿಲ್ಲ. ಅದಕ್ಕೆ ಕೆಲ್ಸನೇ ಕಾರಣನಾ ಅಂತ ಡಾಕ್ಟ್ರು ಹೇಳ್ಲಿಲ್ಲ, ನಾನೂ ಹೇಳಲ್ಲ, ಆದ್ರೆ ಆ ಮೂರು ತಿಂಗ್ಳು ನಾನು ಒಂದು ದಿನ ಕೂಡ ಖುಷಿಯಾಗಿರ್ಲಿಲ್ಲ, ತಾಯಿ ಆಗ್ತಿದೀನಿ ಅನ್ನೋದನ್ನ ಕಳ್ಳತನ ಮಾಡಿದೋಳ ತರ ಬಚ್ಚಿಟ್ಟೆ, ಇದು ನಂಗೆ ಇವತ್ತಿಗೂ ನೋವು.

ಎರಡನೇ ಸಲ ನಾನು ಬೇರೆ ಕಡೆ ಕಂಪ್ನಿ ರೋಲಲ್ಲಿದ್ದೆ, ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಸರಿಯಾಗಿ ಕಟ್ತಿದ್ರು, 26 ವಾರ ರಜ, ಸಂಬಳದ ದುಡ್ಡು ಇಎಸ್ಐಯಿಂದ ಬಂತು. ಅದಕ್ಕೆ ಹಿಂದಿನ ಎರಡು ಕಾಂಟ್ರಿಬ್ಯೂಷನ್ ಪೀರಿಯಡ್ (ದುಡ್ಡು ಕಟ್ಟೋ ಆರಾರು ತಿಂಗ್ಳ ಅವಧಿ) ಸೇರಿ 70 ದಿನದ ಕಟಿಂಗ್ ಆಗಿರ್ಬೇಕು, ಅಷ್ಟೇ. ಆ ರಜೇಲಿ ಇರೋವಾಗ ಕೆಲ್ಸದಿಂದ ತೆಗೆಯೋ ಹಾಗಿಲ್ಲ ಅಂತಾನೂ ಕಾಯ್ದೆಲಿ ಐತೆ. ಏಜೆನ್ಸಿಲಿದ್ರೂ ಈ ಹಕ್ಕು ಇರ್ತೈತೆ, ನಂಗೆ ಆಗ ಯಾರೂ ಹೇಳಿರ್ಲಿಲ್ಲ. ನಮ್ಮ ಕಡೆಯಿಂದ ಕಟ್ ಆಗೋದು ಸಂಬಳದಲ್ಲಿ ಬರೀ 0.75 ಪರ್ಸೆಂಟು, ಮಾಲೀಕರದ್ದು 3.25, ಸಂಬಳ 21,000ದ ಒಳಗಿರೋರಿಗೆ. ಅಣ್ಣ ನೀವು ಮಾಡ್ಬೇಕಾದ್ದು ಏನಂದ್ರೆ ಹೊಸ ಫಾರಂ ತುಂಬೋವಾಗ ಹಳೇ ಇಎಸ್ಐ ನಂಬರ್‌ನೇ ಕೊಡಿ, ಹೊಸ ನಂಬರ್ ಮಾಡಿಸ್ಬೇಡಿ, ಬ್ರೇಕ್ ಕೊಟ್ಟು ಕೊಟ್ಟು ಹೊಸ ನಂಬರ್ ಮಾಡಿದ್ರೆ ದಿನಗಳ ಲೆಕ್ಕ ಹಾಳಾಗಿ ಬೇಕಾದ ಟೈಮಲ್ಲಿ ಸಿಗಲ್ಲ. ನಾಳೆ ಮದ್ವೆ ಆಗಿ ಮನೆಗೆ ಬರೋ ಹುಡ್ಗಿಗೂ ಅಮ್ಮನ್ಗೂ ಅದೇ ಕಾರ್ಡಲ್ಲಿ ಆಸ್ಪತ್ರೆ.

ವಸಂತನರಸಾಪುರ ಎಚ್ಆರ್

ಕಂಪ್ನಿ ಕಡೆಯಿಂದಲೂ ಒಂದು ಮಾತು ಹೇಳ್ಬೇಕು ಅನ್ನಿಸ್ತು. ನಾನು ಎಚ್ಆರ್ ಕೆಲ್ಸದಲ್ಲಿ ಒಂಬತ್ತು ವರ್ಷದಿಂದ ಇದೀನಿ. ಆರ್ಡರ್ ಬಂದಾಗ ಐನೂರು ಜನ ಬೇಕು, ಮೂರು ತಿಂಗ್ಳು ಬಿಟ್ರೆ ಮುನ್ನೂರು ಸಾಕು, ಎಲ್ರನ್ನೂ ಪರ್ಮನೆಂಟ್ ಮಾಡ್ಕೊಂಡ್ರೆ ಆರ್ಡರ್ ಬಿದ್ದಾಗ ಕಂಪ್ನಿನೇ ಮುಚ್ಚಬೇಕಾಗುತ್ತೆ. ಫಿಕ್ಸೆಡ್ ಟರ್ಮ್ ಬಂದ ಮೇಲೆ ಏಜೆನ್ಸಿಗೆ ಕೊಡೋ ಕಮಿಷನ್ ಉಳಿಯುತ್ತೆ, ಅದು ಕಾರ್ಮಿಕನಿಗೆ ಹೋಗುತ್ತೆ, ನಮಗೂ ಹುಡುಗ್ರಿಗೆ ಟ್ರೈನಿಂಗ್ ಕೊಡೋಕೆ ಮನಸ್ಸು ಬರುತ್ತೆ. ನನ್ನ ಅನುಭವದಲ್ಲಿ ಚೆನ್ನಾಗಿ ಕೆಲ್ಸ ಕಲಿತ ಫಿಟ್ಟರ್‌ನ ಯಾರೂ ಬಿಡಲ್ಲ. ಪರ್ಮನೆಂಟ್ ಅನ್ನೋ ಪದ ಹಿಡ್ಕೊಂಡು ಕೂರೋ ಬದ್ಲು ಸಿಎನ್‌ಸಿ (ಕಂಪ್ಯೂಟರ್ ಮೂಲಕ ಓಡೋ ಮಿಷಿನ್) ಕಲಿ, ಕೈಯಲ್ಲಿ ಕೆಲ್ಸ ಇದ್ರೆ ಕೆಲ್ಸ ಹುಡ್ಕೊಂಡು ಬರುತ್ತೆ.

ಹಳೇ ಕಾರ್ಮಿಕ, ತುಮಕೂರು

ಎಚ್ಆರ್ ಸರ್, ಆರ್ಡರ್ ಏರಿಳಿಯೋದು ನಿಜ, ಒಪ್ತೀನಿ. ಆದ್ರೆ ಈ ಹುಡ್ಗನ ಮಿಷಿನ್ನು ನಾಲ್ಕು ವರ್ಷ ಮೂರು ತಿಂಗ್ಳಿಂದ ನಿಂತಿಲ್ಲ, ಮೂರು ಶಿಫ್ಟೂ ಓಡ್ತಿದೆ. ಅದು ಏರಿಳಿಯೋ ಕೆಲ್ಸ ಅಲ್ಲ, ವರ್ಷಪೂರ್ತಿ ಇರೋ ಕೆಲ್ಸ. 1970ರ ಕಾಯ್ದೆಲೂ ಇಂಥ ಕಾಯಂ ಸ್ವರೂಪದ ಕೆಲ್ಸದಲ್ಲಿ ಗುತ್ತಿಗೆ ನಿಷೇಧ ಮಾಡೋ ಅಧಿಕಾರ ಸರ್ಕಾರಕ್ಕೆ ಇತ್ತು, ಹೊಸ ಕೋಡ್ ಕೂಡ ಮುಖ್ಯ ಉತ್ಪಾದನೆ ಕೆಲ್ಸಕ್ಕೆ ಗುತ್ತಿಗೆ ಬೇಡ ಅಂತಾನೇ ಶುರು ಮಾಡಿ ಆಮೇಲೆ ವಿನಾಯಿತಿ ಕೊಟ್ಕೊಂಡು ಹೋಗಿದೆ. ಜನ ತೆಗೆಯೋಕೆ, ಫ್ಯಾಕ್ಟರಿ ಮುಚ್ಚೋಕೆ ಸರ್ಕಾರದ ಪರ್ಮಿಷನ್ ಬೇಕು ಅನ್ನೋ ಮಿತಿನೂ 100 ಜನದಿಂದ 300ಕ್ಕೆ ಏರಿಸಿ ಆಯ್ತು, ಕಂಪ್ನಿಗೆ ಬೇಕಾದ ಸಲೀಸು ಸಿಕ್ಕಿದೆ. ಕೆಲ್ಸ ಕಲಿಯೋದು ಒಳ್ಳೇದು, ಆದ್ರೆ ನಿನ್ನೆ ರಾತ್ರಿ ತನಕ ಚೆನ್ನಾಗಿ ದುಡಿದವನಿಗೆ ಬೆಳಗ್ಗೆ ಗೇಟಲ್ಲಿ ಕೆಂಪು ಲೈಟ್ ತೋರಿಸೋದು ಅವನು ಕಲಿತಿಲ್ಲ ಅಂತಲ್ಲ. ಒಂದು ತಿಂಗ್ಳು ಮೊದ್ಲು ಕೂರಿಸಿ ಹೇಳಿ, ಅದಕ್ಕೆ ಆರ್ಡರ್ ಅಡ್ಡ ಬರಲ್ಲ.

ವಸಂತನರಸಾಪುರ ಎಚ್ಆರ್

ಕೊನೇ ಮಾತು ಒಪ್ತೀನಿ ಸರ್. ಮೊದ್ಲೇ ಹೇಳಿದ್ರೆ ಪ್ರೊಡಕ್ಷನ್ ಕೆಡಿಸ್ತಾರೆ ಅಂತ ಮೇಲಿನವ್ರು ಹೆದರ್ತಾರೆ, ನಾನು ನೋಡಿದ ಹಾಗೆ ಯಾರೂ ಕೆಡಿಸಿಲ್ಲ.

ಅತಿಥಿ ಉಪನ್ಯಾಸಕಿ, ತುಮಕೂರು

ಫ್ಯಾಕ್ಟರಿ ವಿಷ್ಯ ಅಂತ ಸುಮ್ನೆ ಓದ್ತಿದ್ದೆ, ಮಾರ್ಚ್ ಬಂದ್ರೆ ನಿದ್ದೆ ಬರಲ್ಲ ಅನ್ನೋದು ಓದಿ ಬರೀಬೇಕು ಅನ್ನಿಸ್ತು. ನಾನು ಸರ್ಕಾರಿ ಕಾಲೇಜಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡ್ತಿದೀನಿ, ಸೆಮಿಸ್ಟರ್ ಮುಗಿದ್ರೆ ರಿಲೀವ್, ಮತ್ತೆ ಕೌನ್ಸೆಲಿಂಗ್, ಮತ್ತೆ ನೇಮಕ, ಮಧ್ಯದ ತಿಂಗ್ಳು ಸಂಬಳ ಇಲ್ಲ. ನನ್ನ ಹತ್ರ ಓದಿದ ಹುಡ್ಗಿ ಈಗ ಬ್ಯಾಂಕಲ್ಲಿ ಆಫೀಸರ್, ನಾನು ಲೋನ್ ಕೇಳೋಕೆ ಹೋದಾಗ ಅವಳೇ ತುಂಬಾ ಬೇಜಾರಲ್ಲಿ ಆಗಲ್ಲ ಮೇಡಂ ಅಂದ್ಲು.

ಸರ್ಕಾರದ ಕೆಲ್ಸದಲ್ಲಿ ನಮ್ಮಂಥವ್ರಿಗೆ ಎಲ್ಲರೂ ತೋರ್ಸೋದು 2006ರ ಉಮಾದೇವಿ ತೀರ್ಪು, ಅದು ನಮ್ಮ ಕರ್ನಾಟಕದ್ದೇ ಕೇಸು, ವಾಣಿಜ್ಯ ತೆರಿಗೆ ಇಲಾಖೆಲಿ ದಿನಗೂಲಿ ಮಾಡ್ತಿದ್ದೋರದ್ದು. ನಿಯಮದ ಪ್ರಕಾರ ನೇಮಕ ಆಗದೇ ಇದ್ರೆ ಎಷ್ಟು ವರ್ಷ ದುಡಿದ್ರೂ ಕಾಯಂ ಮಾಡಿ ಅಂತ ಕೇಳೋ ಹಕ್ಕಿಲ್ಲ ಅಂತ ಅದ್ರಲ್ಲಿ ಹೇಳಿದ್ರು. ಹತ್ತು ವರ್ಷ ದುಡಿದೋರಿಗೆ ಒಂದು ಸಲದ ಅವಕಾಶ ಕೊಡಿ ಅಂತಾನೂ ಅದೇ ತೀರ್ಪಲ್ಲಿತ್ತು, ಆ ಸಾಲನ್ನ ಮಾತ್ರ ಇಲಾಖೆಗಳು ಓದಲ್ಲ. 2016ರಲ್ಲಿ ಪಂಜಾಬಿನ ಕೇಸಲ್ಲಿ ತಾತ್ಕಾಲಿಕ ನೌಕರರಿಗೂ ಸಮಾನ ಕೆಲ್ಸಕ್ಕೆ ಸಮಾನ ವೇತನ ಅಂದ್ರು, 2024 ಡಿಸೆಂಬರಲ್ಲಿ ಜಗ್ಗೋ ಕೇಸಲ್ಲಿ ಉಮಾದೇವಿ ತೀರ್ಪನ್ನ ವರ್ಷಗಟ್ಲೆ ದುಡಿದೋರ ವಿರುದ್ಧ ಆಯುಧ ಮಾಡ್ಕೋಬೇಡಿ ಅಂತ ಸುಪ್ರೀಂ ಕೋರ್ಟೇ ಹೇಳ್ತು. ನಾನು ಅದನ್ನ ಪ್ರಿಂಟ್ ತೆಗ್ಸಿ ಬ್ಯಾಗಲ್ಲಿ ಇಟ್ಕೊಂಡಿದೀನಿ.

ತಮ್ಮಾ, ಆ ನಿದ್ದೆ ಬರದೇ ಇರೋದು ನಿಮ್ಮ ದೌರ್ಬಲ್ಯ ಅಂದ್ಕೋಬೇಡಿ. ನಂಗೆ ಮೂವತ್ತೆಂಟಕ್ಕೇ ಬಿಪಿ ಮಾತ್ರೆ. ಕೆಲ್ಸ ಎಷ್ಟಿದ್ರೂ ಮಾಡ್ಬೋದು, ಕೆಲ್ಸ ಇರುತ್ತೋ ಇಲ್ವೋ ಅಂತ ಕಾಯೋದು ಮೈಯನ್ನ ಒಳಗಿಂದ ತಿನ್ನುತ್ತೆ.

ಆಂಡರ್ಸನ್‌ಪೇಟೆ

ನಮ್ಮಪ್ಪ ಕೆಜಿಎಫ್ ಗಣಿಲಿ ಅಂಡರ್‌ಗ್ರೌಂಡ್ ಕೆಲ್ಸ ಮಾಡ್ತಿದ್ರು, ಪಕ್ಕಾ ಪರ್ಮನೆಂಟು. 2001ರಲ್ಲಿ ಗಣಿ ಮುಚ್ತು. ಹಾಗಾಗಿ ಪರ್ಮನೆಂಟ್ ಅಂದ್ರೆ ಶಾಶ್ವತ ಅಂತ ನಾನು ಯಾವತ್ತೂ ನಂಬಿಲ್ಲ. ಆದ್ರೂ ವ್ಯತ್ಯಾಸ ಐತೆ. ಗಣಿ ಮುಚ್ಚೋ ಸುದ್ದಿ ವರ್ಷಗಟ್ಲೆ ಮೊದ್ಲೇ ಓಡಾಡ್ತಿತ್ತು, ಯೂನಿಯನ್ ಇತ್ತು, ಕೋರ್ಟಿಗೆ ಹೋದ್ರು, ಸೆಟಲ್‌ಮೆಂಟ್ ಅಂತ ಒಂದಷ್ಟು ದುಡ್ಡಾದ್ರೂ ಬಂತು, ಆ ದುಡ್ಡಲ್ಲೇ ಅಕ್ಕನ ಮದ್ವೆ ಆಗಿದ್ದು. ಅಪ್ಪನ ಕೆಲ್ಸ ಹೋದಾಗ ಊರಿಗೆ ಊರೇ ಅತ್ತಿತ್ತು. ನಾನು ಬೆಳಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗ್ಳೂರಿಗೆ ಸೆಕ್ಯುರಿಟಿ ಕೆಲ್ಸಕ್ಕೆ ಹೋಗ್ತೀನಿ, ಹದಿನಾಲ್ಕು ವರ್ಷದಲ್ಲಿ ಐದು ಏಜೆನ್ಸಿ. ನನ್ನ ಕೆಲ್ಸ ಹೋದಾಗ ಮೊಬೈಲ್‌ಗೆ ಒಂದು ಮೆಸೇಜ್ ಬತ್ತೈತೆ, ನಾಳೆಯಿಂದ ಬರ್ಬೇಡ ಅಂತ.

ನಾನು ಮಾಡಿದ ತಪ್ಪು ನೀನು ಮಾಡ್ಬೇಡ. ಏಜೆನ್ಸಿ ಬದ್ಲಾದಾಗೆಲ್ಲ ಪಿಎಫ್ ತೆಗೆದು ಖರ್ಚು ಮಾಡ್ದೆ, ಒಂದ್ಸಲ ಟಿವಿ, ಒಂದ್ಸಲ ಚೀಟಿ ಬಾಕಿ. ಪೆನ್ಷನ್‌ಗೆ ಒಟ್ಟು ಹತ್ತು ವರ್ಷದ ಸರ್ವೀಸ್ ಬೇಕು, ಪೆನ್ಷನ್ ದುಡ್ಡೂ ಸೇರ್ಸಿ ತೆಗ್ದ್ರೆ ಆ ವರ್ಷಗಳು ಲೆಕ್ಕದಿಂದ ಹೋಯ್ತವೆ. ಹದಿನಾಲ್ಕು ವರ್ಷ ದುಡಿದು ನನ್ ಲೆಕ್ಕದಲ್ಲಿ ಈಗ ಮೂರೇ ವರ್ಷ ಐತೆ. ಟ್ರಾನ್ಸ್‌ಫರ್ ಮಾಡಿಸ್ಕೋ, ಒಂದೇ ಯುಎಎನ್‌ಗೆ (ಏಜೆನ್ಸಿ ಬದ್ಲಾದ್ರೂ ಬದ್ಲಾಗದ ಪಿಎಫ್ ನಂಬರ್) ಎಲ್ಲ ಸೇರಿಸು.

ಬಂಗಾರಪೇಟೆ ಫಿಟ್ಟರ್

ಎಲ್ರಿಗೂ ಕೈ ಮುಗಿತೀನಿ, ಇಷ್ಟು ಜನ ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ನಿನ್ನೆ ಬಿ ಶಿಫ್ಟ್ ಇತ್ತು, ಒಂದು ಗಂಟೆ ಮೊದ್ಲೇ ಹೋಗಿ ಎಚ್ಆರ್ ಹತ್ರ ಮಾತಾಡ್ದೆ. ಒಬ್ನೇ ಹೋಗಿಲ್ಲ, ಲೈನಿಂದ ಏಳು ಜನ ಹೋದ್ವಿ. ನೇಮಕಾತಿ ಪತ್ರ ಮೊದ್ಲು, ರಿಸೈನ್ ಆಮೇಲೆ ಅಂದ್ವಿ, ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಒಪ್ಕೊಂಡ್ರು. ಕಾರಣ ಸೇರ್ಸಿ ಬರೆಯೋದಕ್ಕೂ ಆಗ್ಲಿ ಅಂದ್ರು. ರಜೆ ದುಡ್ಡು ಬೋನಸ್ ಲೆಕ್ಕ ಏಜೆನ್ಸಿಯವ್ರು ಸೋಮವಾರ ತರ್ತಾರಂತೆ, ಅದಕ್ಕೇ ಶನಿವಾರದ ಗಡುವು ಮುಂದಕ್ಕೆ ಹೋಯ್ತು. ರಿನ್ಯೂ ಮಾಡಲ್ಲ ಅಂದ್ರೆ ಒಂದು ತಿಂಗ್ಳು ಮೊದ್ಲು ಬರೆದು ತಿಳಿಸ್ಬೇಕು ಅಂತ ಅಗ್ರಿಮೆಂಟಲ್ಲಿ ಸೇರ್ಸಿ ಅಂದ್ವಿ, ಅದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ, ಹೆಡ್ ಆಫೀಸ್ ಕೇಳ್ಬೇಕಂತೆ. ಲೆಕ್ಕ ಸರಿ ಇದ್ರೆ ಸೈನ್ ಹಾಕ್ತೀನಿ ಅಂತ ತೀರ್ಮಾನ ಮಾಡಿದೀನಿ.

ಗೌರಿಬಿದನೂರು ಅಕ್ಕ, ನಿಮ್ದು ಓದಿ ಅಮ್ಮಂಗೂ ಓದಿ ಹೇಳ್ದೆ, ಅಮ್ಮ ಕಣ್ಣೀರು ಹಾಕಿದ್ರು. ಇಎಸ್ಐ ನಂಬರ್ ನೋಡ್ದೆ, ಅದು ಒಂದೇ ಐತೆ. ಆದ್ರೆ ಯುಎಎನ್ ಎರಡಾಗೈತೆ, ಮೊದಲ್ನೇ ಏಜೆನ್ಸಿಯವ್ರು ನಮ್ಮಪ್ಪನ ಹೆಸ್ರು ತಪ್ಪು ಹಾಕವ್ರೆ. ಅದನ್ನ ಸರಿ ಮಾಡಿಸೋದು ಹೆಂಗೆ?

ಆಂಡರ್ಸನ್‌ಪೇಟೆ

ಜಾಯಿಂಟ್ ಡಿಕ್ಲರೇಷನ್ ಅಂತ ತಪ್ಪು ತಿದ್ದೋ ಅರ್ಜಿ ಐತೆ, ಪಿಎಫ್ ಪೋರ್ಟಲಲ್ಲೇ ಹಾಕ್ಬೋದು, ಆಧಾರಲ್ಲಿ ಇರೋ ತರಾನೇ ಹೆಸ್ರು ಕೊಡು. ಅದು ಸರಿ ಆದ್ಮೇಲೆ ಹಳೇ ಖಾತೆ ದುಡ್ಡು ಹೊಸ ಯುಎಎನ್‌ಗೆ ಟ್ರಾನ್ಸ್‌ಫರ್ ಹಾಕು. ಹಳೇ ಏಜೆನ್ಸಿ ಆಫೀಸ್ ಇನ್ನೂ ತೆಗ್ದಿರೋವಾಗ್ಲೇ ಹೋಗಿ ಅಪ್ರೂವ್ ಮಾಡಿಸ್ಕೋ, ನಂದು ಒಬ್ರು ಆಫೀಸ್ ಖಾಲಿ ಮಾಡ್ಕೊಂಡು ಹೋಗ್ಬಿಟ್ಟಿದ್ರು, ಒಂದೂವರೆ ವರ್ಷ ಅಲೆದೆ.